ನಲವತ್ತೊಂದನೇ ಕಂತು ಎಲ್ಲಿ?

ಚಿತ್ರದುರ್ಗದಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರ ನಾಲ್ಕು ಪುಟ ಇದೆ. ಮುಖ್ಯ ಭಾಗ ಇದು:

"ಮೂರನೇ ಕ್ಲಾಸಿನ ಮೊಮ್ಮಗ ರಜೆಗೆ ಬಂದಿದ್ದಾನೆ. ವಿಡಿಯೋ ಗೇಮಿನ ಸಾನಿಕ್ ಅಂದರೆ ಅವನಿಗೆ ಪ್ರಾಣ. ಅದೇ ಸಾನಿಕ್‌ನ ಕಾರ್ಟೂನ್ 'ಸಾನಿಕ್ ಅಂಡರ್‌ಗ್ರೌಂಡ್' ಅನ್ನು ನನ್ನ ಮೊಬೈಲಿನಲ್ಲಿ ಪೂರ್ತಿ ನೋಡಿದ. ಅದರಲ್ಲಿ ಮೂರು ಮಕ್ಕಳು ಕಳೆದುಹೋದ ತಾಯಿಯನ್ನು ಹುಡುಕುತ್ತಾ ಇರುತ್ತಾರೆ. ನಲವತ್ತನೇ ಕಂತು ಮುಗಿದರೂ ತಾಯಿ ಮಕ್ಕಳು ಒಂದಾಗುವುದಿಲ್ಲ. ಮುಂದೆ ಕಂತೇ ಇಲ್ಲ. 'ತಾತ, ನಲವತ್ತೊಂದು ಹಾಕು' ಎಂದು ಹಟ ಹಿಡಿದಿದ್ದಾನೆ. ಗೇಮಿನಿಂದ ಕೋಟಿಗಟ್ಟಲೆ ದುಡಿದವರಿಗೆ ಒಂದು ಕಥೆ ಮುಗಿಸಲು ದುಡ್ಡಿರಲಿಲ್ಲವೇ? ಬೇರೆ ಸಾನಿಕ್ ಕಾರ್ಟೂನುಗಳೂ ಇವೆಯಂತೆ. ಒಂದರಲ್ಲಿ ಖಳನಾಯಕ ಕೋಡಂಗಿ, ಇನ್ನೊಂದರಲ್ಲಿ ರಾಕ್ಷಸ. ಯಾಕೆ ಹೀಗೆ? ಹುಡುಗ ರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದು ನೋಡುತ್ತಾನೆ, ಅದರಿಂದ ಏನಾದರೂ ಆಗುತ್ತದೆಯೇ? ಕಡೆಗೊಂದು ಮಾತು. ನಮ್ಮ ಓಬವ್ವನನ್ನು ಯಾರಾದರೂ ಗೇಮ್ ಮಾಡಿ, ಆಮೇಲೆ ಕಾರ್ಟೂನ್ ಮಾಡಿದರೆ ಅದೂ ಹೀಗೇ ಅರ್ಧಕ್ಕೆ ನಿಲ್ಲುತ್ತದೆಯೇ?"

ಮೇಷ್ಟ್ರೇ, ನಮಸ್ಕಾರ.

ಮೊದಲು ಮೊಮ್ಮಗನ ಪ್ರಶ್ನೆ. ನಲವತ್ತೊಂದನೇ ಕಂತು ಎಲ್ಲೂ ಇಲ್ಲ. ಕಳೆದುಹೋಗಿಲ್ಲ, ಯಾರೂ ಬಚ್ಚಿಟ್ಟಿಲ್ಲ, ದುಡ್ಡು ಕಟ್ಟಿದರೆ ಸಿಗುವುದೂ ಇಲ್ಲ. ಅದನ್ನು ಮಾಡಲೇ ಇಲ್ಲ. 65 ಕಂತು ಎಂದು ಹೊರಟವರು 40ಕ್ಕೆ ಕೈಬಿಟ್ಟರು. ಅಮೆರಿಕದಲ್ಲಿ 1999ರ ಆಗಸ್ಟ್ 30ಕ್ಕೆ ಶುರುವಾಯಿತು, ಅಕ್ಟೋಬರ್ 22ಕ್ಕೆ ಮುಗಿಯಿತು. ವಾರಕ್ಕೆ ಐದು ಕಂತು, ಎಂಟು ವಾರ. ಅಷ್ಟೇ ಅದರ ಆಯಸ್ಸು. ನಿಮ್ಮ ಮೊಮ್ಮಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ತಾಯಿ ಸಿಗುವ ದಾರಿ ಮುಚ್ಚಿಹೋಗಿತ್ತು.

ಗಣಿತದ ಮೇಷ್ಟ್ರಿಗೆ ಈ 65ರ ಲೆಕ್ಕ ಹೇಳದಿದ್ದರೆ ಹೇಗೆ? ಅಮೆರಿಕದ ಟಿವಿಯಲ್ಲಿ ಆಗ ಎರಡು ಪದ್ಧತಿ ಇತ್ತು. ಒಂದು, ಶನಿವಾರ ಬೆಳಗ್ಗೆ ದೊಡ್ಡ ಚಾನೆಲ್‌ನಲ್ಲಿ ವಾರಕ್ಕೊಂದು ಕಂತು. ಇನ್ನೊಂದು, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಿಗೆ ಸೋಮವಾರದಿಂದ ಶುಕ್ರವಾರದವರೆಗೆ ದಿನಾ. ಈ ಎರಡನೆಯದಕ್ಕೆ ಕಂತುಗಳನ್ನು ಊರೂರಿನ ಟಿವಿ ಸ್ಟೇಷನ್ನುಗಳಿಗೆ ಕಟ್ಟಾಗಿ ಮಾರಬೇಕು. ವರ್ಷದ ಕಾಲು ಭಾಗ 13 ವಾರ. ಹದಿಮೂರೈದಲಿ ಅರವತ್ತೈದು. ಮೂರು ತಿಂಗಳು ಓಡಿಸಬಹುದು, ಮತ್ತೆ ಮೊದಲಿನಿಂದ ಹಾಕಬಹುದು. 1989ರ ಸೂಪರ್ ಮಾರಿಯೋ ಕಾರ್ಟೂನಿನಲ್ಲಿ ಇದೇ ಲೆಕ್ಕವನ್ನು ಇನ್ನೂ ಚೆನ್ನಾಗಿ ನೋಡಬಹುದು. ಸೋಮವಾರದಿಂದ ಗುರುವಾರ ಮಾರಿಯೋ, ಶುಕ್ರವಾರ ಮಾತ್ರ ಜೆಲ್ಡಾ ಎಂಬ ಇನ್ನೊಂದು ಗೇಮಿನ ಕಾರ್ಟೂನ್. ಮಾರಿಯೋ 52, ಜೆಲ್ಡಾ 13. ಕೂಡಿಸಿ. (ಅದರ ನಡುವೆ ಮನುಷ್ಯರು ನಟಿಸಿದ ತುಣುಕುಗಳೂ ಇದ್ದವು. ಮಾರಿಯೋ ಆಗಿ ಮೀಸೆ ತಿರುವಿದ್ದು ಲೂ ಆಲ್ಬಾನೋ ಎಂಬ ಕುಸ್ತಿಪಟು. ಸುಮ್ನೆ ಹೇಳಿದೆ, ಹುಡುಗನಿಗೆ ಹೇಳಿ, ಖುಷಿಪಡುತ್ತಾನೆ.)

ಹಾಗಾಗಿ 65 ಎನ್ನುವುದು ಕಥೆಯ ಉದ್ದ ನೋಡಿ ಇಟ್ಟ ಸಂಖ್ಯೆಯಲ್ಲ. ಕ್ಯಾಲೆಂಡರ್ ನೋಡಿ ಇಟ್ಟದ್ದು. ಮತ್ತೆ ಆ 65ಕ್ಕೂ ಒಂದೇ ಸಲ ದುಡ್ಡು ಬರುತ್ತದೆ ಎಂದುಕೊಳ್ಳಬೇಡಿ. ಈ ವ್ಯಾಪಾರದಲ್ಲಿ ಕಂತುಗಳು ಕಂತಿನಲ್ಲೇ ಮಂಜೂರಾಗುತ್ತವೆ. ಒಂದು ಕಟ್ಟು ಮಾಡು, ಓಡಿತೋ ನೋಡೋಣ, ಓಡಿದರೆ ಇನ್ನೊಂದು ಕಟ್ಟು. ಮುಂದಿನ ಆರ್ಡರ್ ಬರಲಿಲ್ಲ ಅಂದರೆ ಸ್ಟುಡಿಯೋದವರು ಕೈಯಿಂದ ಹಾಕಿ ಮಾಡುವುದಿಲ್ಲ. ಬರೆಯುವವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಧ್ವನಿ ಕೊಟ್ಟವರು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು.

ಇದು ನನಗೆ ಅರ್ಥವಾಗುತ್ತದೆ. ನಾನೂ ಪತ್ರಿಕೆ ನಡೆಸುವವನು, ಕಾಗದದ ಬಿಲ್ಲು ನನ್ನ ಮೇಜಿನ ಮೇಲೂ ಬರುತ್ತದೆ. ಆದರೆ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿದೆ. ನಮ್ಮಲ್ಲಿ ಧಾರಾವಾಹಿ ಶುರುವಾಗಬೇಕಾದರೆ ಕೊನೆಯ ಅಧ್ಯಾಯ ನನ್ನ ಕೈಗೆ ಬಂದಿರಬೇಕು. ಎಷ್ಟು ದೊಡ್ಡ ಲೇಖಕರಾದರೂ ಅಷ್ಟೇ. ಕೆಲವರು ಬೇಜಾರು ಮಾಡಿಕೊಂಡಿದ್ದಾರೆ, "ನನ್ನ ಮೇಲೆ ನಂಬಿಕೆ ಇಲ್ವಾ" ಎಂದು ಕೇಳಿದ್ದಾರೆ. ನಂಬಿಕೆ ಇದೆ, ಆದರೆ ಓದುಗರು ದುಡ್ಡು ಕೊಟ್ಟಿರುತ್ತಾರೆ. ಈಗ ಆ ಸಾನಿಕ್ ಅಂಡರ್‌ಗ್ರೌಂಡ್ ನೋಡಿ. ಸಾನಿಕ್, ಸೋನಿಯಾ, ಮ್ಯಾನಿಕ್ ಎಂಬ ತ್ರಿವಳಿಗಳು. ತಾಯಿ ಅಲೀನಾ ರಾಣಿ. ರೋಬಾಟ್ನಿಕ್ ರಾಜ್ಯ ಕಿತ್ತುಕೊಂಡಿದ್ದಾನೆ. ಮಕ್ಕಳು ತಾಯಿಯನ್ನು ಸೇರಿದ ದಿನ ಅವನು ಸೋಲುತ್ತಾನೆ ಎಂದು ಭವಿಷ್ಯವಾಣಿ. ಕಂತು ಶುರುವಾಗುವುದೇ ಆ ತಾಯಿಯ ದನಿಯಿಂದ. ಅಂದರೆ ಇಡೀ ಸರಣಿ ಒಂದೇ ಪ್ರಶ್ನೆಗೆ ಜೋತುಬಿದ್ದಿದೆ, ಅಮ್ಮ ಸಿಗುತ್ತಾಳಾ ಎಂಬುದಕ್ಕೆ. ಏಳೆಂಟು ವರ್ಷದ ಮಗುವಿನ ಮುಂದೆ ಇಂಥ ಪ್ರಶ್ನೆ ಇಡುತ್ತೀರಿ, ಆದರೆ ಉತ್ತರವನ್ನು ಇನ್ನೂ ಮಂಜೂರಾಗದ ಕಂತಿಗೆ ಎತ್ತಿಡುತ್ತೀರಿ. ದುಡ್ಡು ನಿಂತದ್ದು ದುರದೃಷ್ಟ ಇರಬಹುದು. ಉತ್ತರ ಎತ್ತಿಟ್ಟದ್ದು ಮಾತ್ರ ಬರೆದವರ ತಪ್ಪು. ಕೈಯಲ್ಲಿರುವ ಕಂತುಗಳೊಳಗೆ ಆ ತಾಯಿಯನ್ನು ಮನೆಗೆ ತರಬಹುದಿತ್ತು. ಆಮೇಲೆ ಆರ್ಡರ್ ಬಂದಿದ್ದರೆ ರೋಬಾಟ್ನಿಕ್ ಮತ್ತೆ ಬರುತ್ತಿದ್ದ. ಖಳನಾಯಕರಿಗೆ ಬರುವುದಕ್ಕೆ ಕಾರಣ ಬೇಕಾ?

ಇನ್ನು ನಿಮ್ಮ "ಕೋಟಿಗಟ್ಟಲೆ ದುಡಿದವರು" ಪ್ರಶ್ನೆ. ಕೋಟಿ ದುಡಿದವರು ಬೇರೆ, ಕಾರ್ಟೂನ್ ಮಾಡುವವರು ಬೇರೆ. ಸಾನಿಕ್ ಜಪಾನಿನ ಸೇಗಾ ಕಂಪನಿಯ ಆಸ್ತಿ. 1991ರಲ್ಲಿ ಗೇಮ್ ಬಂತು. ಕಾರ್ಟೂನ್ ಮಾಡಿದ್ದು ಡೀಕ್ ಎಂಬ ಸ್ಟುಡಿಯೋ. ತೋರಿಸಿದ್ದು ಮೂರನೆಯವರು, ಚಾನೆಲ್. ಚಿತ್ರ ಬರೆಯುವ ದೊಡ್ಡ ಕೆಲಸ ಆ ಕಾಲದಲ್ಲಿ ಹೋಗುತ್ತಿದ್ದದ್ದು ಕೊರಿಯಾದಂಥ ದೂರದ ದೇಶಗಳಿಗೆ. ಗೇಮ್ ಕಂಪನಿಗೆ ಕಾರ್ಟೂನ್ ಅಂದರೆ ಜಾಹೀರಾತು, ಚಾನೆಲ್‌ಗೆ ಅರ್ಧ ಗಂಟೆ ತುಂಬಿಸುವ ಸರಕು, ಸ್ಟುಡಿಯೋಗೆ ಒಂದು ಗುತ್ತಿಗೆ. ಇಷ್ಟು ಜನರಲ್ಲಿ ಕಥೆ ಯಾರದು ಎಂದು ಕೇಳಿದರೆ ಒಬ್ಬರೂ ಕೈ ಎತ್ತುವುದಿಲ್ಲ.

ಚಿತ್ರ ಬರೆಯುವ ಕೆಲಸ ಎಷ್ಟಿರುತ್ತದೆ ಎಂಬುದನ್ನೂ ಸ್ವಲ್ಪ ನೋಡಿ. ಒಂದು ಕಂತು ಸುಮಾರು 22 ನಿಮಿಷ. ಸೆಕೆಂಡಿಗೆ 24 ಚೌಕಟ್ಟು, ಅಂದರೆ ಫ್ರೇಮ್. ಗುಣಿಸಿದರೆ 31,680. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿದರೂ 15,840 ಚಿತ್ರ. ಟಿವಿಯವರು ಅಷ್ಟನ್ನೂ ಬರೆಸುವುದಿಲ್ಲ. ಮೈ ಅಲ್ಲಾಡದಂತೆ ನಿಲ್ಲಿಸಿ ಬಾಯಿ ಮಾತ್ರ ಆಡಿಸುತ್ತಾರೆ, ಓಡುವ ಕಾಲುಗಳನ್ನು ಮತ್ತೆ ಮತ್ತೆ ಅದದೇ ಹಾಕುತ್ತಾರೆ, ಹಿಂದಿನ ಮರಗಿಡ ಸರಿಸುತ್ತಾರೆ. ಆದರೂ ಸಾವಿರಗಟ್ಟಲೆ ಚಿತ್ರ. ಹೊಸ ಕಾರ್ಟೂನುಗಳಲ್ಲಿ ಕಂಪ್ಯೂಟರ್ ಬಂದಿದೆ, ಕೈ ನೋವು ಸ್ವಲ್ಪ ಕಮ್ಮಿ, ತಲೆನೋವು ಅಷ್ಟೇ ಇದೆ.

ನಮ್ಮ ಪತ್ರಿಕೆಗೆ ಚಿತ್ರ ಬರೆಯುವ ಹುಡುಗ ಇಲ್ಲೇ ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದಿದವನು. ಮೊದಲು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿದ್ದ. ಅಲ್ಲಿ ಹೊರದೇಶದ ಕಾರ್ಟೂನುಗಳ ಕೆಲಸ. ನಿಮ್ಮ ಪತ್ರ ಓದಿ ಕೊಟ್ಟೆ. ಜೋರಾಗಿ ನಕ್ಕ. ಅವನು ಕೆಲಸ ಮಾಡಿದ್ದೂ ಒಂದು ಗೇಮಿನಿಂದ ಹುಟ್ಟಿದ ಸರಣಿಗೇ. ಅದರಲ್ಲೊಂದು ನರಿಮರಿ, ಕುತ್ತಿಗೆಗೆ ಕೆಂಪು ವಸ್ತ್ರ. ಪಾತ್ರ ಹೇಗಿರಬೇಕು ಎಂದು ಮುಂದೆ, ಹಿಂದೆ, ಪಕ್ಕದಿಂದ ಬರೆದ ಹಾಳೆಗೆ ಮಾಡೆಲ್ ಶೀಟ್ ಎನ್ನುತ್ತಾರೆ. ಅದರಲ್ಲಿ ವಸ್ತ್ರದ ಗಂಟು ಎಡಕ್ಕಿತ್ತು. ಎಲ್ಲರೂ ಎಡಕ್ಕೇ ಬರೆದರು. ಮೂರು ಕಂತು ಮುಗಿದ ಮೇಲೆ ಆ ಕಡೆಯಿಂದ ಸಂದೇಶ ಬಂತು, ಗಂಟು ಬಲಕ್ಕಿರಲಿ. ಯಾಕೆ? ಆಟಿಕೆ ಕಂಪನಿಯವರು ಅಚ್ಚು ಹಾಕುವಾಗ ಬಲಕ್ಕೆ ಹಾಕಿಬಿಟ್ಟಿದ್ದಾರೆ. ಅಚ್ಚು ಬದಲಾಯಿಸಿದರೆ ಖರ್ಚು ಜಾಸ್ತಿ. ಚಿತ್ರ ಬದಲಾಯಿಸಿದರೆ ಬೆಂಗಳೂರಿನ ಹುಡುಗರ ರಾತ್ರಿ ಹೋಗುತ್ತದೆ, ಅದು ಅಗ್ಗ. ಇದಕ್ಕೆ ಅಲ್ಲಿ ರೀಟೇಕ್ ಎನ್ನುತ್ತಾರೆ. ನರಿ ಬಲಕ್ಕೆ ತಿರುಗಿದಾಗ ಗಂಟು ಮುಂದೆ ಬರುತ್ತದೆ, ಹಾಗಾಗಿ ನೆರಳೂ ಬದಲಾಗಬೇಕು, ಓಡುವಾಗ ವಸ್ತ್ರದ ತುದಿ ಹಾರುವ ದಿಕ್ಕೂ ಬದಲಾಗಬೇಕು. "ಸಾರ್, ಕಥೆಯಲ್ಲಿ ಆ ಗಂಟಿಗೆ ಏನೂ ಕೆಲಸ ಇರಲಿಲ್ಲ" ಎಂದ. ಆ ಸರಣಿಯೂ ಮುಂದಿನ ಕಟ್ಟಿಗೆ ಹೋಗಲಿಲ್ಲವಂತೆ. ಆಟಿಕೆ ಮಾರಾಟ ಆಯಿತೋ ಇಲ್ಲವೋ ಅವನಿಗೆ ಗೊತ್ತಿಲ್ಲ.

ಕೋಡಂಗಿ ಮತ್ತು ರಾಕ್ಷಸನ ವಿಚಾರಕ್ಕೆ ಬರುತ್ತೇನೆ. ಇದರ ಬೇರು ಇರುವುದು ಗೇಮಿನಲ್ಲಿ. ಆ ಕಾಲದ ಗೇಮುಗಳಲ್ಲಿ ಕಥೆ ಅನ್ನುವಂಥದ್ದು ಏನಿತ್ತು? ಓಡು, ಹಾರು, ಉಂಗುರ ಹಿಡಿ. ಗೇಮಿನಿಂದ ಬಂದ ಮೊದಲ ಕಾರ್ಟೂನ್ ಸರಣಿ 1982ರ ಪ್ಯಾಕ್-ಮ್ಯಾನ್. ಹನ್ನಾ-ಬಾರ್ಬೆರಾ ಸ್ಟುಡಿಯೋ ಮಾಡಿದ್ದು. ಗೇಮಿನಲ್ಲಿ ಅದೊಂದು ಹಳದಿ ಬಾಯಿ, ಚುಕ್ಕಿ ತಿನ್ನುತ್ತದೆ, ದೆವ್ವಗಳು ಅಟ್ಟಿಸಿಕೊಂಡು ಬರುತ್ತವೆ. ಅದನ್ನು ಅರ್ಧ ಗಂಟೆ ಓಡಿಸುವುದು ಹೇಗೆ? ಹೆಂಡತಿ ಕೊಟ್ಟರು, ಮಗು ಕೊಟ್ಟರು, ಒಂದು ನಾಯಿ, ಒಂದು ಬೆಕ್ಕು. ಹಳದಿ ಬಾಯಿ ಸಂಸಾರಸ್ಥನಾಯಿತು!

ಸಾನಿಕ್‌ಗೂ ಹಾಗೇ ಆಯಿತು, ಆದರೆ ಎರಡೆರಡು ಸಲ, ಒಂದೇ ತಿಂಗಳಲ್ಲಿ. 1993ರ ಸೆಪ್ಟೆಂಬರ್‌ನಲ್ಲಿ ಡೀಕ್ ಒಂದಲ್ಲ ಎರಡು ಸಾನಿಕ್ ಸರಣಿ ಬಿಟ್ಟಿತು. ಒಂದು ದಿನದಿನದ್ದು, 65 ಕಂತು, ಬರೀ ತಮಾಷೆ. ಅದರಲ್ಲಿ ರೋಬಾಟ್ನಿಕ್ ದಪ್ಪ ಹೊಟ್ಟೆಯ ಕೋಡಂಗಿ. ಇನ್ನೊಂದು ಎಬಿಸಿ ಚಾನೆಲ್‌ಗೆ ಶನಿವಾರದ್ದು. ಅದರಲ್ಲಿ ಅವನೇ ಊರನ್ನೆಲ್ಲ ಹಿಡಿದು, ಪ್ರಾಣಿಗಳನ್ನು ಯಂತ್ರಗಳನ್ನಾಗಿ ಮಾಡುವ ಕ್ರೂರಿ. ನಾಯಕ ಒಬ್ಬನೇ, ದನಿ ಕೊಟ್ಟವನೂ ಒಬ್ಬನೇ, ಜಲೀಲ್ ವೈಟ್. ಎರಡು ಬೇರೆ ಕಡೆ ಮಾರಬೇಕು, ಎರಡೂ ಕಡೆ ರುಚಿ ಬೇರೆ. ಅದಕ್ಕೆ ಎರಡು ಅಡುಗೆ. 1999ರಲ್ಲಿ ಮೂರನೆಯ ಸರಣಿ ಬಂದಾಗ ಅದೇ ಜಲೀಲ್ ವೈಟ್ ಮೂರು ಮಕ್ಕಳಿಗೂ ದನಿ ಕೊಟ್ಟ, ಹುಡುಗಿ ಸೋನಿಯಾಗೂ ಸೇರಿಸಿ. ಮೊಮ್ಮಗನಿಗೆ ಮತ್ತೆ ಕೇಳಿಸಿಕೊಳ್ಳಲು ಹೇಳಿ.

ಈ ಮೂರನೆಯ ಸರಣಿ ಪ್ರಸಾರವಾಗುವ ಹೊತ್ತಿಗೆ ಸೇಗಾ ಬೇರೆಯದೇ ಗಡಿಬಿಡಿಯಲ್ಲಿತ್ತು. ಡ್ರೀಮ್‌ಕಾಸ್ಟ್ ಎಂಬ ಹೊಸ ಯಂತ್ರ ಅಮೆರಿಕದ ಅಂಗಡಿಗೆ ಬಂದದ್ದು 1999ರ ಸೆಪ್ಟೆಂಬರ್ 9ಕ್ಕೆ. ಅದರ ಹೊಸ ಗೇಮಿನ ಸಾನಿಕ್ ಕಾಲು ಉದ್ದ, ಕಣ್ಣು ಹಸಿರು. ಟಿವಿಯ ಸಾನಿಕ್ ಮಾತ್ರ ಗಿಟಾರ್ ಬಾರಿಸಿಕೊಂಡು ಅಕ್ಕ-ತಮ್ಮ-ಅಣ್ಣ ಎಂದು ಓಡಾಡುತ್ತಿದ್ದ, ಆ ಸೋದರರು ಗೇಮಿನಲ್ಲಿ ಇಲ್ಲವೇ ಇಲ್ಲ. ಗೇಮಿನ ಜೊತೆಗಾರ ಟೇಲ್ಸ್ ಇಲ್ಲಿ ಕಾಣುವುದೇ ಇಲ್ಲ. ಅಂಗಡಿಯಲ್ಲಿ ಮಾರುವುದು ಒಂದು, ಟಿವಿಯಲ್ಲಿ ತೋರಿಸುವುದು ಇನ್ನೊಂದು. 2001ರಲ್ಲಿ ಸೇಗಾ ಯಂತ್ರ ಮಾಡುವುದನ್ನೇ ಬಿಟ್ಟಿತು.

ಇನ್ನೂ ಬೇಗ ಸತ್ತವು ಎಷ್ಟೋ ಇವೆ. ಬ್ಯಾಟಲ್‌ಟೋಡ್ಸ್ ಗೇಮಿನದು 1992ರಲ್ಲಿ ಒಂದೇ ಕಂತು. ಬಬ್ಸಿ ಎಂಬ ಬೆಕ್ಕಿನದು ಮರುವರ್ಷ, ಅದೂ ಒಂದೇ. ಫ್ರಾನ್ಸಿನ ರೇಮನ್ ಗೇಮಿನದು ನಾಲ್ಕಕ್ಕೆ ನಿಂತಿತು. ಇನ್ನೊಂದು ವಿಚಿತ್ರವೂ ಇದೆ. 2003ರಲ್ಲಿ ಜಪಾನಿನಲ್ಲೇ 'ಸಾನಿಕ್ ಎಕ್ಸ್' ಮಾಡಿದರು, 78 ಕಂತು. ಕೊನೆಯ 26 ಕಂತು ಹೊರದೇಶಗಳಲ್ಲಿ ಬಂದವು, ಜಪಾನಿನ ಮಕ್ಕಳಿಗೆ ಮಾತ್ರ ಎಷ್ಟೋ ವರ್ಷ ಟಿವಿಯಲ್ಲಿ ಸಿಗಲಿಲ್ಲ. ಮಾಡಿ ಮುಗಿಸಿದರೂ ಇದು ಗತಿ.

ಈಗ ಹೊದಿಕೆಯೊಳಗಿನ ಮೊಬೈಲ್. ಇದು ನೀವು ತಿಳಿದದ್ದಕ್ಕಿಂತ ಗಂಭೀರ ಪ್ರಶ್ನೆ, ಯಾಕೆಂದರೆ ಗೇಮಿನ ಕಾರ್ಟೂನುಗಳ ಇತಿಹಾಸದಲ್ಲೇ ಅತಿ ದೊಡ್ಡ ಅನಾಹುತ ಇದಕ್ಕೇ ಸಂಬಂಧಪಟ್ಟದ್ದು. 1997ರ ಡಿಸೆಂಬರ್ 16, ಮಂಗಳವಾರ, ಜಪಾನಿನಲ್ಲಿ ಸಂಜೆ ಆರೂವರೆ. ಪೋಕೆಮಾನ್‌ನ 38ನೇ ಕಂತು. ಪಿಕಾಚು ಎಂಬ ಅದರ ಮುಖ್ಯ ಪ್ರಾಣಿ ಮಿಂಚು ಹೊಡೆದು ಕ್ಷಿಪಣಿಗಳನ್ನು ಸಿಡಿಸುತ್ತದೆ. ಆ ಸ್ಫೋಟ ತೋರಿಸಲು ಕೆಂಪು, ನೀಲಿ ಚೌಕಟ್ಟುಗಳನ್ನು ಒಂದರ ಹಿಂದೊಂದು ಹಾಕಿದ್ದರು. ಸೆಕೆಂಡಿಗೆ 12 ಸಲ ಮಿನುಗು, ಪರದೆ ತುಂಬ, ಕೆಲವೇ ಸೆಕೆಂಡು. ಅಷ್ಟಕ್ಕೇ ದೇಶದ ಉದ್ದಗಲಕ್ಕೂ ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್. 685 ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಿದರು. ಬಹಳಷ್ಟು ಮಕ್ಕಳು ಬೇಗ ಚೇತರಿಸಿಕೊಂಡರು. ರಾತ್ರಿ ಸುದ್ದಿಯಲ್ಲಿ ಅದೇ ತುಣುಕನ್ನು ಮತ್ತೆ ತೋರಿಸಿದರು, ಇನ್ನಷ್ಟು ಮಕ್ಕಳು ಬಿದ್ದರು! ಸುದ್ದಿ ಮಾಡುವವರ ಬುದ್ಧಿ ಎಲ್ಲ ದೇಶದಲ್ಲೂ ಒಂದೇ.

ಸರಣಿ ನಾಲ್ಕು ತಿಂಗಳು ನಿಂತಿತು. 1998ರ ಏಪ್ರಿಲ್ 16ಕ್ಕೆ ಮತ್ತೆ ಶುರುವಾಯಿತು. ಆ ಕಂತನ್ನು ಯಾವ ದೇಶದಲ್ಲೂ ಮತ್ತೆ ಹಾಕಲಿಲ್ಲ. ಕಂತಿನಲ್ಲಿ ಹೊಸದಾಗಿ ಬಂದ ಪೊರಿಗಾನ್ ಎಂಬ ಪ್ರಾಣಿಯನ್ನೂ ಸರಣಿಯಿಂದ ದೂರ ಇಟ್ಟರು. ಮಿನುಗಿಸಿದ್ದು ಪಿಕಾಚು, ಶಿಕ್ಷೆ ಪೊರಿಗಾನ್‌ಗೆ. ಪಿಕಾಚು ಗೊಂಬೆ ಮಾರಬೇಕಲ್ವಾ? ಆಮೇಲೆ ಜಪಾನಿನ ಟಿವಿಯವರು ನಿಯಮ ಮಾಡಿಕೊಂಡರು. ಕೆಂಪು ಬೆರೆತ ಮಿನುಗು ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಇರಬಾರದು. ಕಾರ್ಟೂನ್ ಶುರುವಾಗುವ ಮುಂಚೆ "ಕೋಣೆಯಲ್ಲಿ ದೀಪ ಹಾಕಿಕೊಂಡು, ಪರದೆಯಿಂದ ದೂರ ಕೂತು ನೋಡಿ" ಎಂಬ ಸೂಚನೆಯೂ ಬಂತು.

ನಿಮ್ಮ ಹುಡುಗ ಮಾಡುತ್ತಿರುವುದು ಇದಕ್ಕೆ ಸರಿಯಾಗಿ ಉಲ್ಟಾ. ಹೊದಿಕೆಯೊಳಗೆ ಕತ್ತಲೆ, ಪರದೆ ಮೂಗಿನ ಹತ್ತಿರ. ಮೊಬೈಲ್ ಚಿಕ್ಕದು, ತೀರಾ ಹೆದರಬೇಡಿ. ಆದರೆ ಮುಂದೆ ಯಾವ ವಿಡಿಯೋ ಹಾಕುತ್ತಾನೋ ಯಾರಿಗೆ ಗೊತ್ತು? ಪಡಸಾಲೆಯಲ್ಲಿ ಲೈಟ್ ಹಾಕಿ ಕೂರಿಸಿ. ಅವನಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರನ್ನು ಕೇಳದೆ ಗೇಮ್ ಕೊಡಬೇಡಿ.

ಓಬವ್ವನ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಮಾಡುವ ಕೈಗಳು ನಮ್ಮಲ್ಲಿ ಇವೆ. ಅನಿಮೇಷನ್, ಗೇಮಿಂಗ್ ಕೆಲಸಕ್ಕೆಂದೇ ಒಂದು ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಆದರೆ ಬೆಂಗಳೂರಿನ ದೊಡ್ಡ ಸ್ಟುಡಿಯೋಗಳಲ್ಲಿ ಹೆಚ್ಚಿನವು ಬೇರೆಯವರ ಕಥೆಗೆ ಚಿತ್ರ ಬರೆಯುತ್ತವೆ. 2025ರ ಫೆಬ್ರುವರಿಯಲ್ಲಿ ಇಲ್ಲೂ ಸ್ಟುಡಿಯೋ ಇಟ್ಟಿದ್ದ ಪ್ಯಾರಿಸ್ಸಿನ ಟೆಕ್ನಿಕಲರ್ ಕಂಪನಿ ಮುಗ್ಗರಿಸಿತು, ಬೆಂಗಳೂರು ಮುಂಬೈಗಳಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ದುಡ್ಡು ಅಲ್ಲಿ ನಿಂತರೆ ಪೆನ್ಸಿಲ್ ಇಲ್ಲಿ ನಿಲ್ಲುತ್ತದೆ. ಇನ್ನು ಓಬವ್ವನ ಕಥೆಗೆ ಇನ್ನೊಂದು ತೊಂದರೆ ಇದೆ. ಅದು ಒಂದು ಕಿಂಡಿ, ಒಂದು ಒನಕೆ, ಗಂಡ ಊಟ ಮುಗಿಸುವಷ್ಟು ಹೊತ್ತು. ಗೇಮಿಗೆ ಹೇಳಿ ಮಾಡಿಸಿದ ಹಾಗಿದೆ, ಒಬ್ಬೊಬ್ಬರೇ ತಲೆ ಹಾಕುತ್ತಾರೆ. ಆದರೆ 65 ಕಂತು ಬೇಕು ಎನ್ನುವವರ ಕೈಗೆ ಸಿಕ್ಕರೆ ಓಬವ್ವನಿಗೂ ಒಂದು ಮಾತಾಡುವ ಗಿಳಿ, ಒಬ್ಬ ತರಲೆ ತಮ್ಮ ಹುಟ್ಟುತ್ತಾರೆ. ನಿಮ್ಮೂರಲ್ಲಿ ಯಾರಾದರೂ ಹುಡುಗರು ಇದಕ್ಕೆ ಕೈ ಹಾಕಿದರೆ ನನಗೆ ತಿಳಿಸಿ. ಆರು ಕಂತು ಸಾಕು, ಆರೂ ಬರೆದು ಮುಗಿಸಿದ ಮೇಲೆ ಮೊದಲನೆಯದನ್ನು ತೋರಿಸಲಿ.

ಹುಡುಗನಿಗೆ ಏನು ಹೇಳುವುದು? ನಿಜ ಹೇಳಿ. "ಮಾಡುವವರಿಗೆ ದುಡ್ಡು ಬರಲಿಲ್ಲ, ನಿಲ್ಲಿಸಿಬಿಟ್ಟರು" ಎಂದರೆ ಮೂರನೇ ಕ್ಲಾಸಿನವನಿಗೆ ಅರ್ಥವಾಗುತ್ತದೆ. ಹಟ ಬಿಡದಿದ್ದರೆ 1993ರ ಆ ಶನಿವಾರದ ಸರಣಿ ತೋರಿಸಿ. ಮೂರರಲ್ಲಿ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. 26 ಕಂತು, ಕೊನೆಯದರಲ್ಲಿ ರೋಬಾಟ್ನಿಕ್ ಸೋಲುತ್ತಾನೆ, ಎಲ್ಲರೂ ಕುಣಿಯುತ್ತಾರೆ. ಒಂದೇ ಒಂದು ಎಚ್ಚರಿಕೆ. ಅಲ್ಲಿ ಗದ್ದಲ ಮುಗಿದ ಮೇಲೆ, ಕೊನೆಗೆ, ಕತ್ತಲಲ್ಲಿ ಎರಡು ಕೆಂಪು ಕಣ್ಣು ಹೊಳೆಯುತ್ತವೆ. ಯಾರದು ಎಂದು ಮುಂದಿನ ಕಟ್ಟಿನಲ್ಲಿ ಹೇಳುವವರಿದ್ದರು, ಎಬಿಸಿಯವರು ಮುಂದಿನ ಕಟ್ಟು ಕೊಡಲಿಲ್ಲ. ಹಾಗಾಗಿ ಆ ಕಣ್ಣು ಬರುವ ಮುಂಚೆ, ಕುಣಿತ ನಡೆಯುವಾಗಲೇ, ಊಟಕ್ಕೆ ಕರೆದು ಮೊಬೈಲ್ ಇಸಿದುಕೊಂಡುಬಿಡಿ. ಇಲ್ಲದಿದ್ದರೆ ನೀವು ಇಪ್ಪತ್ತೇಳನೇ ಕಂತು ಕೇಳಿ ಮತ್ತೆ ನಾಲ್ಕು ಪುಟ ಬರೆಯಬೇಕಾಗುತ್ತದೆ.